ಜಲಸಾಕ್ಷಿಯ ಪ್ರಯಾಣಭತ್ಯೆ

ವೈಶಾಖ ಬಹುಳ ಏಕಾದಶಿಯ ಬೆಳಿಗ್ಗೆ, ನೆರೆಮನೆಯ ಪಾಲಾಕ್ಷಯ್ಯನವರು ಒಂದು ಯಂತ್ರವನ್ನು ಎರಡು ತೋಳುಗಳಲ್ಲೂ ಅಪ್ಪಿಕೊಂಡು ನನ್ನ ಜಗಲಿಗೆ ದಯಮಾಡಿಸಿದರು. ಯಂತ್ರದ ಬುಡ ಒಂದು ದೊಡ್ಡ ಹಿತ್ತಾಳೆಯ ಕಾಫಿ ಫಿಲ್ಟರು. ಅದರ ಮೇಲೆ, ಹಿಂದಿನ ಕಾಲದ ಬಸ್ ಕಂಡಕ್ಟರುಗಳು ಕೊರಳಿಗೆ ತೂಗುಹಾಕಿಕೊಳ್ಳುತ್ತಿದ್ದ ಟಿಕೆಟ್ ಯಂತ್ರ. ಅದರ ನೆತ್ತಿಗೆ ಒಂದು ಗಡಿಯಾರ. ಇವೆಲ್ಲದರ ಮುಂಭಾಗದಲ್ಲಿ, ನಾನು ಪೂಜೆಗೆ ಬಳಸುವ ಉದ್ಧರಣೆಯಷ್ಟೇ ಅಗಲದ ಒಂದು ತಾಮ್ರದ ನಾಲಿಗೆ ಹೊರಕ್ಕೆ ಚಾಚಿಕೊಂಡಿತ್ತು.

"ಶಾಸ್ತ್ರಿಗಳೇ, ಒಂದು ಲೋಟ ನೀರು ಕೊಡ್ತೀರಾ?" ಎಂದರು.

"ಕೂತ್ಕೊಳ್ಳಿ, ತರ್ತೀನಿ. ಬೆಲ್ಲ ಬೇಕಾ?"

"ನನಗಲ್ಲ, ಇದಕ್ಕೆ."

ನೀರು ತಂದುಕೊಟ್ಟೆ. ಅವರು ನಾಲಿಗೆಯ ಮೇಲೆ ನಾಲ್ಕು ಹನಿ ಬಿಟ್ಟರು. ಯಂತ್ರ ಒಂದು ಕ್ಷಣ ಗೊಟಗೊಟಿಸಿತು. ಬಳಿಕ ಕಟಕಟನೆ ಸದ್ದು ಮಾಡಿ ಒಂದು ಕಾಗದದ ಪಟ್ಟಿಯನ್ನು ಹೊರಗೆ ನೂಕಿತು. ಅದರಲ್ಲಿ ಹೀಗೆ ಅಚ್ಚಾಗಿತ್ತು: "ಚಳ್ಳಕೆರೆ. ನಲ್ಲಿ ನೀರು. ಬೆಳಿಗ್ಗೆ 7-10. ಕೇಂದ್ರಸ್ಥಾನ. ಭತ್ಯೆ ಸಲ್ಲದು."

ಅನಂತರ ಅವರು ಚೀಲದಿಂದ ಆರು ಸೀಸೆಗಳನ್ನು ತೆಗೆದು, ಹೆಸರಿನ ಚೀಟಿಗಳನ್ನು ಕಾಣದಂತೆ ತಳಕ್ಕೆ ಅಂಟಿಸಿ, ಅವುಗಳನ್ನು ಅದಲುಬದಲು ಮಾಡುವಂತೆ ನನ್ನನ್ನೇ ಕೇಳಿಕೊಂಡರು. ಯಂತ್ರ ಒಂದರಲ್ಲೂ ಎಡವಲಿಲ್ಲ. ಗುಡಿಹಟ್ಟಿಯ ಹನ್ನೊಂದನೆಯ ಬಾವಿಯ ನೀರಿಗೂ ಅದೇ ಹಟ್ಟಿಯ ಹನ್ನೆರಡನೆಯ ಬಾವಿಯ ನೀರಿಗೂ ಇರುವ ಭೇದವನ್ನು, ಪದವೊಂದರ ಎರಡು ಪಾಠಗಳನ್ನು ವಿದ್ವಾಂಸನೊಬ್ಬ ಬೇರ್ಪಡಿಸುವಂತೆ, ಬೇರ್ಪಡಿಸಿ ಹೇಳಿತು. ದೇಶದ ನದಿ, ಕೆರೆ, ಬಾವಿ, ಸಮುದ್ರಗಳ ನೀರಿನ ಪರೀಕ್ಷಾ ಪಟ್ಟಿಗಳನ್ನೆಲ್ಲ ನಾಲ್ಕು ವರ್ಷ ಕೂತು ಅದರ ಹೊಟ್ಟೆಯೊಳಗೆ ಸೇರಿಸಿದ್ದೇನೆಂದು ಅವರು ಹೇಳಿದರು. ನೀರು ಯಾವ ಊರಿನದೆಂದು ರುಚಿಯಿಂದಲೇ ಕಂಡುಹಿಡಿದು, ಆ ಊರಿಗೆ ಆ ಹೊತ್ತಿನಲ್ಲಿ ನೌಕರ ಹೋಗಿದ್ದನೆಂಬುದಕ್ಕೆ ಅದು ಪ್ರಯಾಣಭತ್ಯೆಯ ಬಿಲ್ಲನ್ನು ತಾನೇ ಬರೆಯುತ್ತದೆ!

"ಹೆಸರೊಂದು ಇಡಿ ಶಾಸ್ತ್ರಿಗಳೇ. ನಿಮ್ಮ ಬಾಯಲ್ಲಿ ಬಂದ ಹೆಸರೇ ಇದಕ್ಕೆ."

ನಾನು ಯೋಚಿಸಿ "ಜಲಸಾಕ್ಷಿ" ಎಂದು ಹೆಸರಿಟ್ಟೆ. ಏಳು ವರ್ಷಗಳ ಹಿಂದೆ ನಮ್ಮ ಸಂಸ್ಕೃತ ಪಾಠಶಾಲೆ ಮುಚ್ಚಿದ ಮೇಲೆ ಯಾರೂ ನನ್ನಿಂದ ಏನನ್ನೂ ಕೇಳಿರಲಿಲ್ಲವಾದ್ದರಿಂದ, ಆ ನಾಮಕರಣದ ಸಂತೋಷ ನನಗೆ ಇಡೀ ದಿನ ಉಪವಾಸದ ಹಸಿವನ್ನು ಮರೆಸಿತು.

ಇಂಥದೊಂದು ಯಂತ್ರ ಏಕೆ ಬೇಕಾಯಿತೆಂಬುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗದು. ಪಾಲಾಕ್ಷಯ್ಯನವರ ಉದ್ಯೋಗ ಬಾವಿಗಳ ನೀರಿನ ಮಟ್ಟವನ್ನು ಅಳೆಯುವುದು. ಅವರ ಕಚೇರಿಯನ್ನು ಊರಿನವರು ಬಾವಿ ಆಫೀಸೆಂದೇ ಕರೆಯುತ್ತಾರೆ. ಪಂಪುಸೆಟ್ಟು ನೀರೆಳೆಯುತ್ತಿರುವಾಗ ಬಾವಿಯನ್ನು ಅಳೆದರೆ ಮಟ್ಟ ಸುಳ್ಳಾಗುತ್ತದೆ. ಬಾವಿ ಆರು ಗಂಟೆಯಾದರೂ ವಿಶ್ರಾಂತಿ ಪಡೆದಿರಬೇಕು. ಪಂಪುಸೆಟ್ಟುಗಳಿಗೆ ತ್ರೀಫೇಸ್ ಕರೆಂಟು ಬರುವ ಹೊತ್ತು ಹೋಗುವ ಹೊತ್ತು ಬ್ರಹ್ಮನಿಗೂ ತಿಳಿಯದು. ಹೀಗಾಗಿ ಅವರು ಕೆಲವು ದಿನ ಮುಂಜಾವಿನಲ್ಲಿ, ಕೆಲವು ದಿನ ಮಟಮಟ ಮಧ್ಯಾಹ್ನದಲ್ಲಿ, ಎಷ್ಟೋ ದಿನ ಊರು ಮಲಗಿದ ಮೇಲೆ ತಮ್ಮ ಮೊಪೆಡ್ ಏರಿ ಹೊರಡುತ್ತಿದ್ದರು. ಆ ಹೊತ್ತಿನಲ್ಲಿ ಬಸ್ಸಿಲ್ಲ, ಟಿಕೆಟ್ಟಿಲ್ಲ. ಬಾವಿಯ ಬಳಿ ಮನುಷ್ಯಮಾತ್ರರಿಲ್ಲ. ಕೇಂದ್ರಸ್ಥಾನವನ್ನು, ಎಂದರೆ ಕಚೇರಿಯಿರುವ ಊರನ್ನು, ಬಿಟ್ಟು ಆರು ಗಂಟೆ ಮೀರಿದರೆ ಮಾತ್ರ ಅರ್ಧ ದಿನಭತ್ಯೆ, ಹನ್ನೆರಡು ಮೀರಿದರೆ ಪೂರ್ಣ ಎಂಬುದು ನಿಯಮ. ಎಷ್ಟಕ್ಕೆ ಹೊರಟರು, ಎಷ್ಟಕ್ಕೆ ಬಂದರು ಎಂಬುದಕ್ಕೆ ಪುರಾವೆಯಿಲ್ಲವೆಂದು ಕಚೇರಿಯ ಅಧೀಕ್ಷಕರು ಅವರ ಹನ್ನೊಂದು ಬಿಲ್ಲುಗಳಿಗೆ ಆಕ್ಷೇಪಣೆ ಬರೆದು ಇರಿಸಿಕೊಂಡಿದ್ದರು.

ಪಾಲಾಕ್ಷಯ್ಯನವರಿಗೆ ಆ ಹಣದ ಚಿಂತೆ ಅಷ್ಟಾಗಿ ಇರಲಿಲ್ಲ; ಆದರೆ ಬಿಲ್ಲುಗಳನ್ನು ಹಿಂತೆಗೆದುಕೊಂಡರೆ ಅವು ಸುಳ್ಳೆಂದು ತಾವೇ ಒಪ್ಪಿಕೊಂಡಂತಾಗುತ್ತಿತ್ತು. ಅವರ ಪತ್ನಿ ಸರ್ವಮಂಗಳಮ್ಮನವರು ಪಾವಗಡದಲ್ಲಿ ನರ್ಸು. ಒಂಬತ್ತು ವರ್ಷಗಳಿಂದ ಆಕೆ ಅಲ್ಲಿ, ಇವರು ಇಲ್ಲಿ. ಪತಿ-ಪತ್ನಿ ಪ್ರಕರಣವೆಂದು ವರ್ಗಾವಣೆಗೆ ಅರ್ಜಿ ಹಾಕಲು ಅವಕಾಶವಿತ್ತು. ಪಾವಗಡದಲ್ಲಿ ಜಾಗವೂ ಖಾಲಿಯಿತ್ತು. ಆದರೆ ಆಕ್ಷೇಪಣೆಗಳು ಬಾಕಿ ಇರುವ ನೌಕರನಿಗೆ ಕಚೇರಿ ನಿರಾಕ್ಷೇಪಣಾ ಪತ್ರ ಕೊಡುವುದಿಲ್ಲ. ಆ ಪತ್ರವಿಲ್ಲದೆ ಅರ್ಜಿ ಮೇಜು ದಾಟುವುದಿಲ್ಲ. ಈ ವರ್ಷದ ವರ್ಗಾವಣೆಯ ಅವಧಿ ಜೂನ್ ಮೂವತ್ತರ ಸಂಜೆಗೆ ಮುಗಿಯುವುದಿತ್ತು. ಪಾವಗಡದ ಜಾಗ ಇನ್ನೊಂದು ವರ್ಷ ಖಾಲಿ ಉಳಿಯುವುದೆಂಬ ಭರವಸೆ ಯಾರಿಗೂ ಇರಲಿಲ್ಲ.

ಮೂರು ವಾರಕ್ಕೊಮ್ಮೆ ಅವರು ಪಾವಗಡಕ್ಕೆ ಹೋಗಿ ಬರುತ್ತಿದ್ದರು. ಬರುವಾಗ ಹೆಂಡತಿಯ ಮನೆಯ ನೀರನ್ನು ದೊಡ್ಡ ಕ್ಯಾನುಗಳಲ್ಲಿ ತುಂಬಿ ಮೊಪೆಡ್ಡಿನ ಎರಡೂ ಕಡೆ ಕಟ್ಟಿಕೊಂಡು ತರುತ್ತಿದ್ದರು. ಅಲ್ಲಿಯ ನೀರು ಬಲು ಗಡಸು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಡುವುದಿಲ್ಲ. ಆದರೂ ಪಾಲಾಕ್ಷಯ್ಯನವರು ಕುಡಿಯುತ್ತಿದ್ದದ್ದು ಅದನ್ನೇ. ನನ್ನ ಮನೆಗೆ ಬಂದಾಗಲೂ ಚೀಲದಿಂದ ತಮ್ಮ ಸೀಸೆಯನ್ನು ತೆಗೆದು ಕುಡಿದು, "ನಿಮ್ಮ ನಲ್ಲಿ ನೀರು ಸಪ್ಪೆ ಶಾಸ್ತ್ರಿಗಳೇ," ಎನ್ನುತ್ತಿದ್ದರು. ಮಡಿಯ ಕಾರಣಕ್ಕೆ ನೀರು ಹೊತ್ತು ತಿರುಗುವ ವೈದಿಕರನ್ನು ನಾನು ಕಂಡಿದ್ದೆ. ಹೆಂಡತಿಯ ಕಾರಣಕ್ಕೆ ಹೊತ್ತು ತಿರುಗುವವರನ್ನು ಕಂಡದ್ದು ಅದೇ ಮೊದಲು.

ಅಧೀಕ್ಷಕರ ಹೆಸರು ಹಾಲಸಿದ್ದಪ್ಪ. ಅವರನ್ನು ದುಷ್ಟರೆಂದು ನಾನು ಬರೆಯಲಾರೆ. ನನ್ನ ಗ್ರಂಥಗಳನ್ನು ನಾನು ಕೆಂಪು ವಸ್ತ್ರದಲ್ಲಿ ಸುತ್ತಿಡುವಂತೆ ಅವರು ಪ್ರಯಾಣಭತ್ಯೆಯ ನಿಯಮಾವಳಿಯನ್ನು ಕೆಂಪು ವಸ್ತ್ರದಲ್ಲಿ ಸುತ್ತಿಟ್ಟಿದ್ದರು. ತೆರೆಯುವ ಮುನ್ನ ಕೈ ಒರೆಸಿಕೊಳ್ಳುತ್ತಿದ್ದರು. ಶಾಸ್ತ್ರವನ್ನು ನಂಬಿದವನಿಗೆ ಶಾಸ್ತ್ರವನ್ನು ನಂಬಿದ ಇನ್ನೊಬ್ಬನ ಮೇಲೆ ಕೋಪ ಬರುವುದು ಕಷ್ಟ.

ಯಂತ್ರವನ್ನು ತೋರಿಸಲು ಹೋದ ದಿನ ಪಾಲಾಕ್ಷಯ್ಯನವರು ಧೈರ್ಯಕ್ಕೆ ನನ್ನನ್ನೂ ಕರೆದೊಯ್ದರು. ಹಾಲಸಿದ್ದಪ್ಪನವರು ಕನ್ನಡಕವನ್ನು ಹಣೆಗೇರಿಸಿ ಜಲಸಾಕ್ಷಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಅಲ್ಲಾ ಪಾಲಾಕ್ಷಯ್ಯನೋರೆ, ಹೊತ್ತಲ್ಲದ ಹೊತ್ತಲ್ಲಿ ಬಾವಿ ಹತ್ರ ಹೋದೆ ಅಂತೀರಿ. ಸಾಕ್ಷಿಗೆ ಯಾರಿದ್ರು?"

"ನೀರಿತ್ತು ಸಾರ್."

"ನೀರು ರುಜು ಹಾಕುತ್ತಾ?"

"ಈಗ ಹಾಕುತ್ತೆ ಸಾರ್."

ಹಾಲಸಿದ್ದಪ್ಪನವರು ಇದಕ್ಕೆ ನಗಲಿಲ್ಲ. ನಿಯಮಾವಳಿಯನ್ನು ಬಿಚ್ಚಿ, ಸಾಕ್ಷಿ ಮನುಷ್ಯನೇ ಆಗಿರಬೇಕೆಂದು ಎಲ್ಲಿಯೂ ಹೇಳಿಲ್ಲವೆಂಬುದನ್ನು ಮುಕ್ಕಾಲು ಗಂಟೆ ಹುಡುಕಿ ಖಚಿತಪಡಿಸಿಕೊಂಡರು. ಬಳಿಕ ಒಂದು ಪ್ರಾಯೋಗಿಕ ಆದೇಶ ಬರೆದರು. ಜೂನ್ ತಿಂಗಳು ಪೂರ್ತಿ ಯಂತ್ರ ನೌಕರನೊಡನೆ ಸಂಚರಿಸತಕ್ಕದ್ದು. ಕಾಗದದ ಪಟ್ಟಿ ಹೊರಗೆ ಬರದಂತೆ ಪೆಟ್ಟಿಗೆಯೊಳಗೇ ಸುರುಳಿಯಾಗತಕ್ಕದ್ದು. ಪೆಟ್ಟಿಗೆಗೆ ಅರಗಿನ ಮುದ್ರೆ. ಯಂತ್ರದ ದಾಖಲೆಯೇ ಅಂತಿಮ. ಉಭಯಪಕ್ಷಗಳೂ ಅದಕ್ಕೆ ಬದ್ಧ. ತಿಂಗಳ ಕೊನೆಯ ದಿನ ಮುದ್ರೆ ಒಡೆದು ನೋಡಿ, ದಾಖಲೆ ನಿಜವೆಂದು ಕಂಡರೆ ಹನ್ನೊಂದು ಆಕ್ಷೇಪಣೆಗಳೂ ರದ್ದು, ನಿರಾಕ್ಷೇಪಣಾ ಪತ್ರ ಅಂದೇ. ಒಂದೇ ಒಂದು ನಮೂದು ಸುಳ್ಳೆನಿಸಿದರೂ ಎಲ್ಲವೂ ಬಿದ್ದುಹೋಗತಕ್ಕದ್ದು. ನೌಕರ ಕೇಂದ್ರಸ್ಥಾನದಲ್ಲಿರುವಾಗ ಯಂತ್ರ ಅವನ ಮನೆಯಲ್ಲಿರಕೂಡದು; ನಿಷ್ಪಕ್ಷಪಾತಿಯಾದ ಸಾಕ್ಷಿದಾರರ ವಶದಲ್ಲಿರತಕ್ಕದ್ದು.

"ಶಾಸ್ತ್ರಿಗಳು ಇಟ್ಕೋತಾರಾ?" ಎಂದು ಕೇಳಿದರು.

ನಾನು ಒಪ್ಪಿ ರುಜು ಹಾಕಿದೆ. ಮನೆಗೆ ಅತಿಥಿಯೊಬ್ಬ ಬರುತ್ತಾನೆಂಬ ಸಂತೋಷ ನನಗಾಯಿತೆಂದರೆ ಓದುವವರು ನಗಬಹುದು.

ಇಲ್ಲಿ ನನ್ನ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಪ್ರತಿದಿನ ಸಾಲಿಗ್ರಾಮಕ್ಕೆ ಅಭಿಷೇಕವಾದ ಬಳಿಕ, ಜಗಲಿಯಲ್ಲಿ ಯಾರೇ ಇದ್ದರೂ ಅವರ ಅಂಗೈಗೆ ಮೂರು ಉದ್ಧರಣೆ ತೀರ್ಥ ಹಾಕುವುದು. ಪಾಠಶಾಲೆಯ ಕಾಲದಲ್ಲಿ ಮೂವತ್ತು ಅಂಗೈಗಳು ಸಾಲಾಗಿ ಚಾಚಿರುತ್ತಿದ್ದವು. ಆಮೇಲೆ ಒಂದೇ ಒಂದು, ನನ್ನ ಪತ್ನಿಯದು. ಅವಳು ಹೋಗಿ ಎರಡು ವರ್ಷವಾಯಿತು. ನಮಗೆ ಮಕ್ಕಳಿಲ್ಲ. ರಾತ್ರಿಯೆಲ್ಲ ಬಾವಿ ಸುತ್ತಿ ಬರುವ ಪಾಲಾಕ್ಷಯ್ಯನವರು ಪೂಜೆಯ ಹೊತ್ತಿಗೆ ಎಚ್ಚರವಾಗಿರುವುದೇ ಅಪರೂಪ. ಆದ್ದರಿಂದ ತೀರ್ಥದ ಬಟ್ಟಲನ್ನು ಹಿಡಿದು ಜಗಲಿಗೆ ಬಂದು, ಖಾಲಿ ಜಗಲಿಯನ್ನು ನೋಡಿ, ತುಳಸಿಯ ಬುಡಕ್ಕೆ ಹಾಕಿ ಒಳಗೆ ಹೋಗುವುದು ನನಗೆ ಅಭ್ಯಾಸವಾಗಿತ್ತು.

ಇನ್ನೊಂದು ವಿಷಯ. ನಮ್ಮ ದೇವರ ಗೂಡಿನಲ್ಲಿ ನನ್ನ ಮಾವನವರು ಕಾಶಿಯಿಂದ ತಂದ ಗಂಗೆಯ ಗಿಂಡಿ ಇದೆ. ನಾನು ನಿವೃತ್ತನಾದ ಮೇಲೆ ಇಬ್ಬರೂ ಕಾಶಿಗೆ ಹೋಗೋಣವೆಂದು ನಾನು ಪತ್ನಿಗೆ ಮಾತು ಕೊಟ್ಟಿದ್ದೆ. ಇವತ್ತು, ನಾಳೆ ಎನ್ನುತ್ತಾ ಕಾಲ ಕಳೆಯಿತು. ಕೊನೆಗೆ ಅವಳಿಗಾಗಿ ಆ ಗಿಂಡಿಯ ಬೆಸುಗೆಯನ್ನು ಬಿಚ್ಚಬೇಕಾಯಿತು. ಬಿಚ್ಚಿದ್ದನ್ನು ಮತ್ತೆ ಮುಚ್ಚಿಡುವಂತಿಲ್ಲವಾಗಿ, ಅಂದಿನಿಂದ ದಿನಕ್ಕೊಂದು ಹನಿಯನ್ನು ಅಭಿಷೇಕದ ನೀರಿಗೆ ಸೇರಿಸುತ್ತ ಬಂದಿದ್ದೇನೆ.

ಜೂನ್ ಎರಡರಂದು ತೀರ್ಥದ ಬಟ್ಟಲು ಹಿಡಿದು ಜಗಲಿಗೆ ಬಂದೆ. ಜಲಸಾಕ್ಷಿ ತನ್ನ ತಾಮ್ರದ ನಾಲಿಗೆಯನ್ನು ಅಂಗೈಯಂತೆ ಚಾಚಿಕೊಂಡು ಕುಳಿತಿತ್ತು.

ನಾನು ಯೋಚಿಸಲಿಲ್ಲ. ಕೈ ತಾನೇ ಮುಂದೆ ಹೋಯಿತು. ಮೂರು ಉದ್ಧರಣೆ ಹಾಕಿದೆ.

ಗೊಟಗೊಟ. ಕಟಕಟಕಟ.

ಬಹುಕಾಲದ ಮೇಲೆ ನನ್ನ ಜಗಲಿಯಲ್ಲಿ ತೀರ್ಥಕ್ಕೊಂದು ಉತ್ತರ ಬಂದಿತ್ತು.

ಸಂಜೆ ಪಾಲಾಕ್ಷಯ್ಯನವರು ಬಂದಾಗ, ಯಂತ್ರಕ್ಕೆ ನೀರು ತಗುಲಿದರೆ ತೊಂದರೆಯೇನಾದರೂ ಇದೆಯೇ ಎಂದು ಸುತ್ತಿ ಬಳಸಿ ಕೇಳಿದೆ. "ನಲ್ಲಿ ನೀರು ತಾನೆ? ಚಳ್ಳಕೆರೆ, ಕೇಂದ್ರಸ್ಥಾನ ಅಂತ ಬರ್ಕೊಳ್ಳುತ್ತೆ. ಏನೂ ಆಗಲ್ಲ," ಎಂದರು. ಆ ಒಂದು ಹನಿಯ ಸಂಗತಿ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿದ್ದೆನೇ ಎಂಬ ಪ್ರಶ್ನೆಯನ್ನು ಆಮೇಲೆ ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರು ಹೊರಟುಹೋದರೆ ಆ ಜಗಲಿಗೆ ಮೊಪೆಡ್ಡಿನ ಸದ್ದು ಕೂಡ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಅತ್ತ ಸಂಚಾರದಲ್ಲಿಯೂ ಜಲಸಾಕ್ಷಿಗೆ ನಾನಾ ಬಗೆಯ ಆತಿಥ್ಯ ದೊರೆಯುತ್ತಿತ್ತು. ಪಾಲಾಕ್ಷಯ್ಯನವರು ಮರಳಿ ಬಂದಾಗಲೆಲ್ಲ ಜಗಲಿಯಲ್ಲಿ ಕುಳಿತು ಅವನ್ನು ವರ್ಣಿಸುತ್ತಿದ್ದರು. ನಾನು ಮೂರು ದಿನಕ್ಕಾಗುವಷ್ಟು ಮಾತನ್ನು ಆ ಅರ್ಧ ಗಂಟೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ದಾರಿಬದಿಯಲ್ಲಿ ಎಳನೀರು ಕುಡಿಯುವಾಗ ನಾಲ್ಕು ಹನಿ ಯಂತ್ರದ ನಾಲಿಗೆಗೆ ಸಿಡಿದವಂತೆ. ಇನ್ನೊಂದು ದಿನ ಕರೇಕಲ್ಲುಹಟ್ಟಿಯ ಬಯಲಿನಲ್ಲಿ ಮೊಪೆಡ್ ನಿಲ್ಲಿಸಿ ಬಾವಿಗೆ ಟೇಪು ಇಳಿಬಿಟ್ಟಿದ್ದಾಗ, ಆಂಧ್ರದ ಕಡೆಯಿಂದ ಮೇಯುತ್ತ ಬಂದ ಕುರಿಯೊಂದು ಜಲಸಾಕ್ಷಿಯ ನಾಲಿಗೆಯನ್ನು ತನ್ನ ನಾಲಿಗೆಯಿಂದ ಸಾವಧಾನವಾಗಿ ನೆಕ್ಕಿತಂತೆ.

"ಬರ್ಕೊಂಡಿತಾ?" ಎಂದು ಕೇಳಿದೆ.

"ಕಟಕಟ ಅಂತು. ಕುರಿಗೆ ಗಾಬರಿಯಾಯ್ತು."

ಜೂನ್ ಹದಿನೇಳಕ್ಕೆ ವರ್ಷದ ಮೊದಲ ಮಳೆ ಬಂತು. ನಮ್ಮ ಬಯಲುಸೀಮೆಯಲ್ಲಿ ಮಳೆ ಬಂದರೆ ಮನುಷ್ಯರೇ ಬಾಯಿ ತೆರೆದು ನಿಲ್ಲುತ್ತಾರೆ. ಯಂತ್ರವನ್ನು ಮುಚ್ಚಬೇಕೆಂದು ಪಾಲಾಕ್ಷಯ್ಯನವರಿಗೆ ತೋಚಲೇ ಇಲ್ಲ. ಜಲಸಾಕ್ಷಿ ಹನ್ನೆರಡು ಮೈಲಿ ದೂರ ಮಳೆಯನ್ನು ಕುಡಿಯುತ್ತಲೇ ಬಂದು ನನ್ನ ಜಗಲಿಯಲ್ಲಿ ಕುಳಿತು ಊಟದ ಹೊತ್ತಿನವರೆಗೂ ಕಟಕಟಿಸುತ್ತಿತ್ತು. ಒದ್ದೆ ಬಟ್ಟೆಯಲ್ಲೇ ಕುಳಿತ ಅದರ ಕರ್ತೃ, "ಎಷ್ಟು ಚುರುಕು ನೋಡಿ! ಹಾಲಸಿದ್ದಪ್ಪನೋರು ಬೆರಗಾಗಬೇಕು," ಎಂದು ಹಿಗ್ಗಿದರು. ಈ ಮಾತು ಅಕ್ಷರಶಃ ನಿಜವಾಯಿತು.

ಜೂನ್ ಮೂವತ್ತರಂದು ಸರ್ವಮಂಗಳಮ್ಮನವರೂ ಬಂದರು. ಹಿಂದಿನ ರಾತ್ರಿಯ ಡ್ಯೂಟಿ ಮುಗಿಸಿ ನೇರ ಬಸ್ಸು ಹತ್ತಿದ್ದರು. ಕಣ್ಣು ಕೆಂಪಾಗಿತ್ತು, ಕೈಯಲ್ಲಿ ನೀರಿನ ಕ್ಯಾನಿತ್ತು.

"ಇವತ್ತು ಕಾಗದ ಸಿಕ್ಕಿದ್ರೆ ಈ ಕ್ಯಾನು ಹೊರೋದು ಇದೇ ಕೊನೆ ಅಲ್ವೇನ್ರೀ," ಎಂದು ಗಂಡನನ್ನು ಕೇಳಿದರು.

"ಸಿಗುತ್ತೆ."

"ನಿಮ್ಮ ಹಿಂದಿನ ಯಂತ್ರ ಇಡ್ಲಿ ಬೇಯಿಸ್ತೀನಿ ಅಂತ ಕುಕ್ಕರಿನ ಮುಚ್ಚಳಾನ ಪಕ್ಕದ ಬೀದಿಗೆ ಕಳಿಸಿತ್ತು."

"ಇದು ಹಾಗಲ್ಲ ಕಣೇ. ಸರ್ಕಾರಿ ಮುದ್ರೆ ಇದೆ."

ಮೂವರೂ ಕಚೇರಿಗೆ ಹೋದೆವು. ಹಾಲಸಿದ್ದಪ್ಪನವರು ಮುದ್ರೆಯನ್ನು ನಮಗೆ ತೋರಿಸಿ, ಒಡೆದು, ಸುರುಳಿಯನ್ನು ಬಿಚ್ಚಿ, ವೇದಪಾಠದವರಂತೆ ಒಂದೇ ಸ್ವರದಲ್ಲಿ ಓದತೊಡಗಿದರು.

ಮೊದಲ ದಿನ ನಿರ್ದುಷ್ಟವಾಗಿತ್ತು. ಗುಡಿಹಟ್ಟಿಯ ಎರಡು ಬಾವಿಗಳು, ಹೊರಟ ಹೊತ್ತು, ಮರಳಿದ ಹೊತ್ತು, ಅರ್ಧ ದಿನಭತ್ಯೆ. ಹಾಲಸಿದ್ದಪ್ಪನವರು ತಲೆದೂಗಿದರು, ಪಾಲಾಕ್ಷಯ್ಯನವರು ಹೆಂಡತಿಯ ಕಡೆ ನೋಡಿದರು.

"ಜೂನ್ ಎರಡು," ಎಂದು ಮುಂದುವರಿಸಿ ಅಧೀಕ್ಷಕರು ನಿಲ್ಲಿಸಿದರು. ಕನ್ನಡಕ ಒರೆಸಿಕೊಂಡರು. "ಬೆಳಿಗ್ಗೆ ಎಂಟೂ ಹತ್ತು, ಚಳ್ಳಕೆರೆ. ಎಂಟೂ ಹತ್ತು, ವಾರಾಣಸಿ, ಗಂಗಾ ನದಿ. ಎಂಟೂ ಹತ್ತು, ಚಳ್ಳಕೆರೆ. ಮೂರು ಸಲ ಹೋಗಿ ಬಂದಿದೆ. ರೈಲಿನ ಪ್ರಯಾಣಭತ್ಯೆ ಮೂರು."

ನನಗೆ ಗಿಂಡಿ ನೆನಪಾಯಿತು.

"ಜೂನ್ ಮೂರು. ವಾರಾಣಸಿ, ಮೂರು ಸಲ. ಜೂನ್ ನಾಲ್ಕು. ವಾರಾಣಸಿ…" ಅವರು ಬೆರಳಿನಿಂದ ಪಟ್ಟಿಯನ್ನು ಸರಸರನೆ ಎಳೆದರು. "ಪಾಲಾಕ್ಷಯ್ಯನೋರೆ, ಈ ತಿಂಗಳಲ್ಲಿ ನೀವು ಅರವತ್ತಾರು ಸಲ ಕಾಶಿಗೆ ಹೋಗಿ ಬಂದಿದೀರಿ. ಆದ್ರೆ ಒಂದು ಮಾತು ಹೇಳ್ಬೇಕು: ಆರು ಗಂಟೆ ಒಳಗೆ ವಾಪಸಾಗಿರೋದ್ರಿಂದ ದಿನಭತ್ಯೆ ಕೇಳಿಲ್ಲ. ಮಿಷನ್ನಿಗೆ ನಿಯಮ ಗೊತ್ತು."

ಮುಂದಿನದು ಇನ್ನೂ ಘೋರವಾಗಿತ್ತು. ಎಳನೀರಿನ ದಿನ ಯಂತ್ರ "ತಿಪಟೂರು, ನೆಲದಿಂದ ಐವತ್ತು ಅಡಿ ಎತ್ತರ" ಎಂದು ಬರೆದುಕೊಂಡಿತ್ತು. ಕುರಿಯ ದಿನ "ರಾಯದುರ್ಗದ ಕೆರೆ" ಎಂದು. ಹೊರರಾಜ್ಯದ ಪ್ರವಾಸಕ್ಕೆ ಪೂರ್ವಾನುಮತಿ ಎಲ್ಲಿ ಎಂದು ಹಾಲಸಿದ್ದಪ್ಪನವರು ಗಂಭೀರವಾಗಿ ಕೇಳಿದರು. ಅನುಮತಿ ಕೇಳುವ ಅಭ್ಯಾಸ ಕುರಿಗಿಲ್ಲವೆಂದು ಪಾಲಾಕ್ಷಯ್ಯನವರು ಕ್ಷೀಣಸ್ವರದಲ್ಲಿ ಹೇಳಿದರು. ಮಳೆಯ ದಿನದ ಪಟ್ಟಿಯಂತೂ ಆರು ಅಡಿ ಉದ್ದವಿತ್ತು. ಮಳೆ ಎಲ್ಲಿಂದ ಎದ್ದು ಬಂದಿತ್ತೋ ಅಲ್ಲಿಯವರೆಗೂ ಜಲಸಾಕ್ಷಿ ಅದರ ಹೆಜ್ಜೆಗಳನ್ನು ಹಿಡಿದು ಹೋಗಿತ್ತು. "ಅರಬ್ಬೀ ಸಮುದ್ರ, ನಡುಭಾಗ. ವಾಹನ: ಮೋಡ. ಮೋಡದ ದರ ನಿಯಮಾವಳಿಯಲ್ಲಿಲ್ಲ. ಹಡಗಿನ ದರ ಅನ್ವಯಿಸಿದೆ."

ಕಚೇರಿಯಲ್ಲಿ ಯಾರೂ ನಗಲಿಲ್ಲ. ಸರ್ವಮಂಗಳಮ್ಮನವರು ಕ್ಯಾನನ್ನು ನೆಲಕ್ಕಿಳಿಸಿದರು.

ನಾನು ಎದ್ದುನಿಂತು ತಪ್ಪೊಪ್ಪಿಕೊಂಡೆ. ಗಿಂಡಿಯ ಸಂಗತಿ, ಹನಿಯ ಸಂಗತಿ, ಜಗಲಿಯಲ್ಲಿ ಯಾರೂ ಇಲ್ಲದ ಸಂಗತಿ, ಎಲ್ಲವನ್ನೂ ಹೇಳಿದೆ. ದೋಷ ಯಂತ್ರದ್ದಲ್ಲ, ಯಂತ್ರ ನಿಜವನ್ನೇ ನುಡಿದಿದೆ. ದೋಷ ನನ್ನದು ಎಂದು ವಾದಿಸಿದೆ. ಹಾಲಸಿದ್ದಪ್ಪನವರು ತಾಳ್ಮೆಯಿಂದ ಕೇಳಿ, "ಶಾಸ್ತ್ರಿಗಳೇ, ತಮಗೆ ಗೊತ್ತಿಲ್ಲದ್ದಲ್ಲ. ಒಂದು ನಮೂದು ಸುಳ್ಳಾದ್ರೆ ಎಲ್ಲಾ ಬೀಳುತ್ತೆ ಅಂತ ಬರೆದಿದೆ. ಇಲ್ಲಿ ಅರವತ್ತೆಂಟಿದೆ. ಸಮುದ್ರ ಬೇರೆ," ಎಂದರು. ಅವರ ಧ್ವನಿಯಲ್ಲಿ ನಿಜವಾದ ವಿಷಾದವಿತ್ತು. ಗಡಿಯಾರದಲ್ಲಿ ಮೂರೂವರೆ.

ಆಗ ಸರ್ವಮಂಗಳಮ್ಮನವರು ಮಾತಾಡಿದರು. ದನಿ ಏರಿಸಲಿಲ್ಲ.

"ಸಾರ್, ನನಗೂ ಶಿಫ್ಟು. ಇವರು ಬಂದ ದಿನ ನಾನು ಡ್ಯೂಟೀಲಿ ಇರ್ತೀನಿ. ನಾನು ಮನೇಲಿದ್ದಾಗ ಇವರ ಬಾವಿಗೆ ಕರೆಂಟು ಹೋಗಿರುತ್ತೆ. ಒಂಬತ್ತು ವರ್ಷದಲ್ಲಿ ನಾವಿಬ್ರೂ ಒಂದೇ ಹೊತ್ತಲ್ಲಿ ಒಂದೇ ಮನೇಲಿ ಎಚ್ಚರವಾಗಿದ್ದದ್ದು ಎಷ್ಟು ದಿನ, ಅದನ್ನ ಯಾವ ಮಿಷನ್ನೂ ಬರ್ಕೊಂಡಿಲ್ಲ."

ಹಾಲಸಿದ್ದಪ್ಪನವರು ನಿಯಮಾವಳಿಯ ವಸ್ತ್ರದ ಗಂಟನ್ನು ಸರಿಪಡಿಸುತ್ತ ಕುಳಿತರು. ಪಾಲಾಕ್ಷಯ್ಯನವರು ಯಂತ್ರವನ್ನು ಎತ್ತಿಕೊಳ್ಳಲು ಬಾಗಿದರು. ಬಾಗಿದವರು ಸ್ವಲ್ಪ ಹೊತ್ತು ಮೇಲೇಳಲಿಲ್ಲ. ಅವರ ಮುಖದಿಂದ ಒಂದು ಹನಿ ತಾಮ್ರದ ನಾಲಿಗೆಯ ಮೇಲೆ ಬಿತ್ತು. ಅದು ಬೆವರೋ ಬೇರೆಯದೋ ನಾನು ನೋಡಲು ಹೋಗಲಿಲ್ಲ. ಕೆಲವನ್ನು ನೋಡದಿರುವುದೇ ಮರ್ಯಾದೆ.

ಜಲಸಾಕ್ಷಿ ಗೊಟಗೊಟಿಸಿತು. ಈ ಬಾರಿ ಎಂದಿಗಿಂತ ಬಹಳ ಹೊತ್ತು. ಬಳಿಕ, ಮುದ್ರೆ ಒಡೆದ ಪೆಟ್ಟಿಗೆಯಿಂದ ಪಟ್ಟಿ ಹೊರಬಂದಿತು. ಹಾಲಸಿದ್ದಪ್ಪನವರು ಅಭ್ಯಾಸಬಲದಿಂದ ಅದನ್ನು ಹಿಡಿದು ಓದಿದರು.

"ಪಾವಗಡ. ಒಂಬತ್ತು ವರ್ಷಗಳ ಅವಿಚ್ಛಿನ್ನ ವಾಸ. ಕೇಂದ್ರಸ್ಥಾನ."

ಯಂತ್ರ ಅಷ್ಟಕ್ಕೇ ನಿಲ್ಲಲಿಲ್ಲ.

"ನೌಕರನ ಕೇಂದ್ರಸ್ಥಾನ ಪಾವಗಡ ಆಗಿರುವುದರಿಂದ, ಚಳ್ಳಕೆರೆಯಲ್ಲಿ ಕಳೆದ ಎಲ್ಲ ದಿನಗಳನ್ನೂ ಪ್ರವಾಸವೆಂದು ಪರಿಗಣಿಸಲಾಗಿದೆ. ಪ್ರತಿ ದಿನವೂ ಹನ್ನೆರಡು ಗಂಟೆ ಮೀರಿದೆ. ಪೂರ್ಣ ದಿನಭತ್ಯೆ. ಮೊದಲ ವರ್ಷ, ಮೊದಲ ದಿನ…"

ಒಂಬತ್ತು ವರ್ಷಗಳ ದಿನಭತ್ಯೆ, ದಿನಕ್ಕೊಂದು ಸಾಲಿನಂತೆ! ಪಟ್ಟಿ ಮೇಜಿನಿಂದ ಇಳಿಯಿತು, ನೆಲವನ್ನು ತುಂಬಿತು, ಕುರ್ಚಿಗಳ ಕಾಲುಗಳನ್ನು ಸುತ್ತಿಕೊಂಡಿತು. ಸುರುಳಿ ಮುಗಿದಾಗ ಜಲಸಾಕ್ಷಿ ಮೇಜಿನ ಮೇಲಿದ್ದ ಖಾಲಿ ನಮೂನೆಗಳನ್ನು ಒಂದೊಂದಾಗಿ ಒಳಗೆಳೆದುಕೊಂಡು ಮುಂದುವರಿಸಿತು. ನಮೂನೆಗಳು ತೀರಿದ ಮೇಲೆ ಅಂದಿನ ದಿನಪತ್ರಿಕೆ ಹೋಯಿತು. ಹಾಲಸಿದ್ದಪ್ಪನವರು ನಿಯಮಾವಳಿಯನ್ನು ಎದೆಗವಚಿಕೊಂಡು ಹಿಂದೆ ಸರಿದರು. ಗೋಡೆಯ ಕ್ಯಾಲೆಂಡರಿನ ಡಿಸೆಂಬರ್ ತಿಂಗಳ ಮೇಲೆ ಕೊನೆಯ ಸಾಲು ಅಚ್ಚಾಗುವ ಹೊತ್ತಿಗೆ ಮುಕ್ಕಾಲು ಗಂಟೆ ಹಿಡಿದಿತ್ತು.

"ಇದೇನ್ರೀ ಇದು?" ಎಂದರು ಅಧೀಕ್ಷಕರು.

"ಅವರು ಕುಡಿಯೋದು ನಮ್ಮನೆ ನೀರು ಸಾರ್," ಎಂದರು ಸರ್ವಮಂಗಳಮ್ಮನವರು. "ಒಂಬತ್ತು ವರ್ಷದಿಂದ."

ಹಾಲಸಿದ್ದಪ್ಪನವರು ಕುಳಿತು ತಾವೇ ಬರೆದ ಆದೇಶವನ್ನು ಮತ್ತೆ ಓದಿದರು. ಯಂತ್ರದ ದಾಖಲೆಯೇ ಅಂತಿಮ, ಉಭಯಪಕ್ಷಗಳೂ ಬದ್ಧ. ಆ ನಮೂದು ಆಗಿದ್ದು ಜೂನ್ ಮೂವತ್ತರಂದೇ, ಅವಧಿಯೊಳಗೇ, ಅವರ ಕಣ್ಣೆದುರೇ. ಕಾಶಿಯದು ಸುಳ್ಳೆಂದು ಹೇಳಬಹುದಿತ್ತು, ಏಕೆಂದರೆ ಪಾಲಾಕ್ಷಯ್ಯನವರು ಕಾಶಿಗೆ ಹೋಗಿರಲಿಲ್ಲ. ಇದನ್ನು ಸುಳ್ಳೆನ್ನುವುದು ಹೇಗೆ? ಅವರು ನನ್ನ ಕಡೆ ತಿರುಗಿದರು. ಶಾಸ್ತ್ರವನ್ನು ನಂಬಿದವನು ಶಾಸ್ತ್ರವನ್ನು ನಂಬಿದವನನ್ನು ಕೇಳುವಂತೆ ಕೇಳಿದರು.

"ತಾವೇನಂತೀರಿ ಶಾಸ್ತ್ರಿಗಳೇ? ಮನುಷ್ಯನ ಕೇಂದ್ರಸ್ಥಾನ ಯಾವುದು?"

ನನಗೆ ಉತ್ತರ ಗೊತ್ತಿತ್ತು. ಹೇಳಿದರೆ ಏನಾಗುವುದೆಂಬುದೂ ಗೊತ್ತಿತ್ತು. ನನ್ನ ಜಗಲಿ ಕಣ್ಣಮುಂದೆ ಬಂತು.

"ಹೊರಟ ಊರನ್ನ ಕೇಂದ್ರಸ್ಥಾನ ಅಂತ ನಿಮ್ಮ ಪುಸ್ತಕ ಹೇಳುತ್ತೆ," ಎಂದೆ. "ಎಲ್ಲಿದ್ದರೂ ಮನುಷ್ಯ ಯಾವ ಊರಿಗೆ ಮರಳಬೇಕು ಅಂತ ಇರ್ತಾನೋ ಅದೇ ಅಂತ ನನಗೆ ತೋರುತ್ತೆ. ಯಂತ್ರದ ಪಾಠವೇ ಶುದ್ಧ."

ಹಾಲಸಿದ್ದಪ್ಪನವರು ಪೆನ್ನು ತೆಗೆದರು. ಅವರು ಕಂಡುಕೊಂಡ ದಾರಿ ನಿಯಮಕ್ಕೆ ಕಿಂಚಿತ್ತೂ ಚ್ಯುತಿ ತರದಂಥದು. ಪಾಲಾಕ್ಷಯ್ಯನವರು ಒಂಬತ್ತು ವರ್ಷದ ದಿನಭತ್ಯೆಯನ್ನೂ ಅದರೊಳಗೇ ಸೇರಿಹೋದ ಹಳೆಯ ಹನ್ನೊಂದು ಬಿಲ್ಲುಗಳನ್ನೂ ಅರವತ್ತಾರು ಕಾಶೀಯಾತ್ರೆಗಳನ್ನೂ ಸಮುದ್ರವನ್ನೂ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುವುದಾಗಿ ಬರೆದುಕೊಡುವುದು. ಬಿಲ್ಲುಗಳೇ ಇಲ್ಲವಾದ ಮೇಲೆ ಆಕ್ಷೇಪಣೆಗಳೂ ಇಲ್ಲ. ಇಂಥ ಬಿಲ್ಲು ಇನ್ನೊಮ್ಮೆ ಹುಟ್ಟದಂತೆ ನೌಕರನನ್ನು ಅವನ ಕೇಂದ್ರಸ್ಥಾನಕ್ಕೇ ಕಳಿಸಿಬಿಡುವುದು ಸರ್ಕಾರದ ಹಿತದೃಷ್ಟಿಯಿಂದ ಅತ್ಯವಶ್ಯ. ಐದಕ್ಕೆ ಹತ್ತು ನಿಮಿಷವಿದ್ದಾಗ ನಿರಾಕ್ಷೇಪಣಾ ಪತ್ರಕ್ಕೆ ರುಜು ಬಿತ್ತು. ಸರ್ವಮಂಗಳಮ್ಮನವರು ಕ್ಯಾನಿನಿಂದ ಒಂದು ಲೋಟ ನೀರು ಬಗ್ಗಿಸಿ ಹಾಲಸಿದ್ದಪ್ಪನವರಿಗೆ ಕೊಟ್ಟರು. ಅವರು ಒಂದು ಗುಟುಕು ಕುಡಿದು ಮುಖ ಕಿವಿಚಿ, "ಇದನ್ನಾ ಒಂಬತ್ತು ವರ್ಷ?" ಎಂದರು.

ವರ್ಗಾವಣೆಯ ಆದೇಶ ಕೈಗೆ ಬಂದದ್ದೇ, ಆಷಾಢ ಹುಟ್ಟುವುದರೊಳಗೆ ಸಾಮಾನು ಸಾಗಿಸಬೇಕೆಂದು ಪಾಲಾಕ್ಷಯ್ಯನವರು ಅವಸರ ಮಾಡಿದರು. ಹೊರಡುವ ದಿನ ಜಲಸಾಕ್ಷಿಯನ್ನು ತಂದು ನನ್ನ ಜಗಲಿಯಲ್ಲಿಟ್ಟರು. ಪಾವಗಡದಲ್ಲಿ ತಮಗೆ ಇದರಿಂದ ಆಗಬೇಕಾದ್ದೇನೂ ಇಲ್ಲ, ಇಲ್ಲಿಯಾದರೆ ಅದಕ್ಕೆ ಪೂಜೆಯ ಹೊತ್ತಿಗೆ ತೀರ್ಥವಾದರೂ ದೊರೆಯುತ್ತದೆ ಎಂದರು. ಬಿಡುವಾದಾಗ ಬರುತ್ತೇನೆ ಎಂದೂ ಹೇಳಿದರು. ಅವರ ಬಿಡುವು ಪಾವಗಡದ ಕರೆಂಟಿನ ಕೈಯಲ್ಲಿದೆ, ಇಷ್ಟರವರೆಗೆ ಬಂದಿಲ್ಲ.

ಇಂದಿಗೂ ಅಭಿಷೇಕವಾದ ಮೇಲೆ ಬಟ್ಟಲು ಹಿಡಿದು ಜಗಲಿಗೆ ಬರುತ್ತೇನೆ. ತಾಮ್ರದ ನಾಲಿಗೆ ಚಾಚಿಕೊಂಡಿರುತ್ತದೆ. ಮೂರು ಉದ್ಧರಣೆ ಹಾಕುತ್ತೇನೆ. ಪೆಟ್ಟಿಗೆಗೆ ಈಗ ಮುದ್ರೆಯಿಲ್ಲವಾದ್ದರಿಂದ ಪಟ್ಟಿ ನೇರವಾಗಿ ನನ್ನ ಕೈಗೆ ಬರುತ್ತದೆ: "ಚಳ್ಳಕೆರೆಯಿಂದ ವಾರಾಣಸಿ, ಮರಳಿ ಚಳ್ಳಕೆರೆ. ಸಹಪ್ರಯಾಣಿಕರು ಇಲ್ಲ. ಆರು ಗಂಟೆಯೊಳಗೆ ಕೇಂದ್ರಸ್ಥಾನಕ್ಕೆ ಹಿಂದಿರುಗಿರುವುದರಿಂದ ದಿನಭತ್ಯೆ ಸಲ್ಲದು."

ನಿಯಮ ಸರಿಯಾಗಿಯೇ ಇದೆ. ನನ್ನದೇನೂ ಆಕ್ಷೇಪಣೆಯಿಲ್ಲ.